ಮೊಜಾಂಬಿಕ್ ಹುಡುಗಿಯ ಫ್ರೀ ಟಿಕೆಟ್

ಆ ದಿನದಿಂದಾಗಿ ಏನೇನು ಹೋಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಉಪ್ಪಿನಕಾಯಿಗೆ ತಂದ ಎರಡು ಚೀಲ ಅಪ್ಪೆಮಾವಿನ ಮಿಡಿ ಕೆಟ್ಟಿತು. ಅದನ್ನೇ ನಂಬಿಕೊಂಡಿದ್ದ ಹುಬ್ಬಳ್ಳಿಯ ಗಿರಾಕಿ ಬೇರೆಯವರ ಹತ್ತಿರ ಹೋದ. ನನ್ನ ಮಹಡಿಯ ಕೋಣೆಯೊಂದು ಖಾಲಿಯಾಯಿತು. ಕಾರಣ, ಯಾರೂ ದುಡ್ಡು ಕೊಡದ ಒಂದು ಬಸ್ ಟಿಕೆಟ್. ಪುಕ್ಕಟೆ ಸಿಕ್ಕಿದ್ದರ ಬೆಲೆ ಆಮೇಲೆ ತಿಳಿಯುತ್ತದೆ ಎಂದು ವ್ಯಾಪಾರಸ್ಥರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಂದು ಆ ಬೆಲೆ ತೆರುವ ಪಾಳಿ ನನ್ನದು ಮಾತ್ರ ಆಗಿರಲಿಲ್ಲ. ನನ್ನ ಮನೆಯಲ್ಲಿದ್ದ ಪರದೇಶದ ಹುಡುಗಿಯದೂ ಆಗಿತ್ತು.

ನಾನು ದಾಸನಕೊಪ್ಪದ ಕಡೆಯವಳು. ಹತ್ತನೇ ತರಗತಿ ಮುಗಿಸಿಲ್ಲ. ಶಿರಸಿಗೆ ಬಂದು ಉಪ್ಪಿನಕಾಯಿ ಹಾಕಿ ಮಾರಿ ಮನೆ ಕಟ್ಟಿಸಿದೆ. ಮೇಲಿನ ಕೋಣೆಗಳನ್ನು ಕಾಲೇಜಿನ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟೆ. ನಾನು ಕಾಲೇಜಿಗೆ ಹೋಗದಿದ್ದರೂ ಅಲ್ಲಿ ಏನು ಬದಲಾದರೂ ಅದರ ಸುದ್ದಿ ನನ್ನ ಮಹಡಿ ಮೆಟ್ಟಿಲಿಗೆ ಬರುತ್ತದೆ. ಮೂರು ವರ್ಷದ ಡಿಗ್ರಿ ನಾಲ್ಕಾಯಿತು, ಮತ್ತೆ ಮೂರಕ್ಕೆ ಬಂತು. ಒಂದೇ ಕೋಣೆಯಲ್ಲಿ ನಾಲ್ಕರವಳೂ ಮೂರರವಳೂ ಇದ್ದರು.

“ಆಂಟಿ, ಇವಳದ್ದು ದೊಡ್ಡ ಡಿಗ್ರಿ, ನಂದು ಸಣ್ಣದು. ನಂಗೆ ಬಾಡಿಗೆ ಕಡಿಮೆ ಮಾಡಿ” ಎಂದಳು ಚಿಕ್ಕವಳು.

“ಸಣ್ಣ ಡಿಗ್ರಿಗೆ ಸಣ್ಣ ಊಟ. ಒಪ್ಪಿಗೆ ಇದ್ದರೆ ಹೇಳು” ಎಂದಿದ್ದೆ. ಆಮೇಲೆ ಆ ಮಾತೆತ್ತಲಿಲ್ಲ.

ಅದರ ಹಿಂದೆಯೇ ಇನ್ನೊಂದು ಹೊಸತು ಬಂತು. ನಮ್ಮ ಕಡೆಯ ಕಾಲೇಜೊಂದು ಹೊರದೇಶದ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿಯವರು ಒಂದು ಸೆಮಿಸ್ಟರ್ ಇಲ್ಲಿ ಓದಬಹುದು, ಇಲ್ಲಿ ಪಡೆದ ಅಂಕ ಅಲ್ಲಿ ಸೇರುತ್ತದೆ. ಹಾಸ್ಟೆಲ್ಲಿನಲ್ಲಿ ಅಲ್ಲ, ಊರವರ ಮನೆಯಲ್ಲಿ ಇದ್ದು ಜನರ ಜೊತೆ ಬೆರೆಯಬೇಕು, ಬೆರೆತದ್ದಕ್ಕೂ ಅಂಕ. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ ಕಾಲೇಜಿನ ಮೇಡಂ ನನ್ನ ಮನೆಗೇ ಬಂದು ಷರತ್ತುಗಳನ್ನು ಓದಿ ಹೇಳಿದರು. ಒಂದು ಮಾತ್ರ ನನ್ನ ತಲೆಯಲ್ಲಿ ಕೂತಿತು: ಪೊಲೀಸ್ ಕೇಸಾದರೆ ಸೆಮಿಸ್ಟರ್ ರದ್ದು, ವಿದ್ಯಾರ್ಥಿ ವಾಪಸ್.

ಬಂದವಳು ಮೊಜಾಂಬಿಕ್ ದೇಶದವಳು. ಕಾಡಿನ ಹಣ್ಣುಕಾಯಿಗಳ ಬಗ್ಗೆ ಓದುತ್ತಿದ್ದಳು. ಅವಳ ಮನೆಯಲ್ಲಿ ಕಾಲೇಜಿಗೆ ಹೋದ ಮೊದಲಿಗಳು ಅವಳೇ. “ವಾಪಸ್ ಕಳಿಸಿದರೆ ಎರಡನೇ ಸಲ ಯಾರೂ ಕಳಿಸುವುದಿಲ್ಲ” ಎಂದು ಬಂದ ವಾರದಲ್ಲೇ ನನಗೆ ಹೇಳಿದ್ದಳು. ನನ್ನನ್ನು ‘ತಿಯಾ’ ಎಂದು ಕರೆಯುತ್ತಿದ್ದಳು, ಅವರ ಮಾತಿನಲ್ಲಿ ಚಿಕ್ಕಮ್ಮ. ಅಡುಗೆಮನೆಯಲ್ಲಿ ನಮಗೆ ತೊಂದರೆಯೇ ಆಗಲಿಲ್ಲ. ಬಟಾಟೆ, ಚಾವಿ, ಮೇಜು, ಅನಾನಸ್ ಎಂದು ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ನನ್ನ ಕೈಗೆ ಬರುತ್ತಿತ್ತು. ಪೋರ್ಚುಗೀಸರು ಗೋವಾದ ದಾರಿಯಲ್ಲಿ ನಮಗೆ ಬಿಟ್ಟುಹೋದ ಮಾತುಗಳನ್ನೇ ಅವಳ ದೇಶದಲ್ಲೂ ಬಿಟ್ಟಿದ್ದರು.

ಶಿರಸಿ ಪೇಟೆಯಲ್ಲಿ ಜನ ಅವಳನ್ನು ತಿರುಗಿ ತಿರುಗಿ ನೋಡುತ್ತಿದ್ದರು. ಯಲ್ಲಾಪುರದ ಕಡೆ ಹೋದರೆ ಯಾರೂ ನೋಡುತ್ತಿರಲಿಲ್ಲ. ಅಲ್ಲಿಯ ಕಾಡಿನಂಚಿನ ಊರುಗಳಲ್ಲಿ ಸಿದ್ದಿಯರು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಹೆಚ್ಚಿನವರು ಗುಲಾಮರಾಗಿ. ಬಣ್ಣ, ಗುಂಗುರು ಕೂದಲು ನೋಡಿ ಎಲ್ಲರೂ ಇವಳನ್ನು ಅವರ ಪೈಕಿಯೇ ಎಂದುಕೊಳ್ಳುತ್ತಿದ್ದರು. ಅವಳಿಗೂ ಅದು ಖುಷಿಯೇ. ನನಗೂ ಅದರಿಂದ ತೊಂದರೆ ಬಂದೀತು ಎಂದು ಹೊಳೆದಿರಲಿಲ್ಲ.

ಮಿಡಿಯ ಕಾಲ. ಅರಬೈಲ್ ಘಟ್ಟದ ಕೆಳಗೆ ಹೊಳೆಯಂಚಿನ ಮರಗಳ ಮಿಡಿ ಹೆಸರುವಾಸಿ. ತಾನೂ ಬರುತ್ತೇನೆಂದಳು, ಕರೆದೊಯ್ದೆ. ತೊಟ್ಟು ಮುರಿಯದ ಮಿಡಿಯನ್ನೇ ಆರಿಸಿ, ಮರದವನ ಜೊತೆ ಜಗಳವಾಡುವಷ್ಟು ಚೌಕಾಸಿ ಮಾಡಿ ಎರಡು ಚೀಲ ತುಂಬಿಸಿದೆ. ಕೊಯ್ದ ಮಿಡಿ ಬಿಸಿಲಿನಲ್ಲಿ ಕೂತರೆ ಸುಕ್ಕುತ್ತದೆ. ಬೇಗ ಮನೆ ಸೇರಿ ಉಪ್ಪಿಗೆ ಬೀಳಬೇಕು. ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸು ಬಂದಾಗ ಅವಳನ್ನು ಮುಂದಿನ ಬಾಗಿಲಿಂದ ಹತ್ತಿಸಿ, ಚೀಲ ಏರಿಸಲು ನಾನು ಹಿಂದಕ್ಕೆ ಹೋದೆ.

ಚೀಲ ಭದ್ರಮಾಡಿ ಅವಳ ಪಕ್ಕ ಬಂದು ಕೂರುವಷ್ಟರಲ್ಲಿ ಅವಳ ಕೈಯಲ್ಲಿ ಟಿಕೆಟ್ ಇತ್ತು, ಇನ್ನೊಂದು ಕೈಯಲ್ಲಿ ಅವಳು ಕೊಡಲು ಹಿಡಿದಿದ್ದ ನೋಟೂ ಇತ್ತು. “ದುಡ್ಡು ಬೇಡ ಅಂದ್ರು. ನೀವು ಕೊಟ್ರಾ ತಿಯಾ?” ಎಂದಳು.

ಟಿಕೆಟ್ ನೋಡಿದೆ. ಸೊನ್ನೆ. ನಮ್ಮ ರಾಜ್ಯದ ಹೆಂಗಸರಿಗೆ ಕೊಡುವ ಫ್ರೀ ಟಿಕೆಟ್. ಕಂಡಕ್ಟರ್ ಅವಳ ಮುಖ ನೋಡಿ, ಆಧಾರ್ ಕೂಡ ಕೇಳದೆ ಹರಿದು ಕೊಟ್ಟಿದ್ದ. ಅವನನ್ನು ಕರೆದು ಸರಿಮಾಡಿಸೋಣ ಎಂದು ಎದ್ದೆ. ಬಸ್ಸು ಘಟ್ಟದ ತಿರುವಿನಲ್ಲಿ ನಿಂತಿತು. ಚೆಕಿಂಗ್‌ನವರು ಹತ್ತಿದರು. ಮೊದಲು ಮಾಡಿದ್ದೇ ಕಂಡಕ್ಟರನ ಟಿಕೆಟ್ ಮಶೀನು ಇಸಿದುಕೊಂಡದ್ದು. ಇನ್ನು ಹೊಸ ಟಿಕೆಟ್ ಹರಿಸುವಂತಿರಲಿಲ್ಲ.

ಚೆಕಿಂಗ್ ಸಾಹೇಬರು ಸೀಟಿನಿಂದ ಸೀಟಿಗೆ ಬಂದರು. “ಆಧಾರ್ ತೋರ್ಸವ್ವಾ” ಎಂದರು ಅವಳಿಗೆ. ಅವಳು ನನ್ನ ಮುಖ ನೋಡಿದಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಒಬ್ಬ ಸಿದ್ದಿ ಅಜ್ಜಿ ಮುಂದೆ ಬಾಗಿದಳು. “ಅದು ನಮ್ಮ ಹುಡ್ಗಿ ಸಾಹೇಬ್ರೆ. ಆಧಾರು ಮನೇಲಿ ಮರ್ತು ಬಂದದೆ.”

“ನಿನಗೇನಾಗ್ಬೇಕಬೇ?”

“ತಂಗಿ ಮಗಳು.”

ಕಂಡಕ್ಟರ್ ಬೆವರು ಒರೆಸಿಕೊಂಡ. “ಹೌದ್ರಿ ಸರ, ಈ ಕಡೆದಾಕೀನ. ದಿನಾ ಅಡ್ಡಾಡ್ತಾರ್ರಿ.” ಆಮೇಲೆ ನನ್ನ ಕಡೆ ಬಗ್ಗಿ, “ಅಕ್ಕಾರ, ಹೂಂ ಅನ್ರಿ. ನನ್ನ ನೌಕ್ರಿ ಹೊಕ್ಕೈತ್ರಿ” ಎಂದು ಪಿಸುಗುಟ್ಟಿದ.

ಇಡೀ ಬಸ್ಸು ಬಿಡಿಸಿಕೊಡಲು ತಯಾರಿತ್ತು. ನನ್ನದೊಂದು ಹೂಂ ಸಾಕಿತ್ತು. ಆದರೆ ಎದುರು ಸೀಟಿನ ಯಾರೋ ವಿಡಿಯೊ ಮಾಡಲು ಮೊಬೈಲು ಎತ್ತಿ ಹಿಡಿದಿದ್ದರು. ಟಿಕೆಟಿನ ತಪ್ಪಿಗೆ ದಂಡ ಕಟ್ಟಿದರೆ ಮುಗಿಯುತ್ತದೆ. ಪರದೇಶದವಳು ಇಲ್ಲಿಯವಳೆಂದು ಹೇಳಿಕೊಂಡಳು ಎಂದಾದರೆ ಅದು ದಂಡಕ್ಕೆ ಮುಗಿಯುವ ವ್ಯವಹಾರವಲ್ಲ. ಇವತ್ತು ಅಗ್ಗಕ್ಕೆ ಸಿಕ್ಕಿದ್ದು ನಾಳೆ ಅವಳ ಓದನ್ನೇ ನುಂಗುತ್ತದೆ. “ಒಂದ್ನಿಮಿಷ ಸಾಹೇಬ್ರೆ, ಅವಳಿಗೆ ಕನ್ನಡ ಕಡಿಮೆ” ಎಂದು ಹೊತ್ತು ದೂಡಿ, ಅವಳ ಕಿವಿಯಲ್ಲಿ ಎಲ್ಲ ಹೇಳಿದೆ: ಅಜ್ಜಿ ನಿನ್ನನ್ನು ತನ್ನ ತಂಗಿಯ ಮಗಳು ಅನ್ನುತ್ತಿದ್ದಾಳೆ, ಹೂಂ ಅಂದರೆ ಈಗ ಬಿಡುತ್ತಾರೆ, ಆಮೇಲೆ ಗೊತ್ತಾದರೆ ವಿಮಾನ ಹತ್ತಿಸುತ್ತಾರೆ.

ಅವಳು ತಡಮಾಡಲಿಲ್ಲ. ಎದ್ದು ನಿಂತು, ನಾನು ಕಲಿಸಿದ ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದಳು: “ಅಲ್ಲ ಸರ್. ನಾನು ಇವರ ಹುಡುಗಿ ಅಲ್ಲ. ನಾನು ಮೊಜಾಂಬಿಕ್. ಸ್ಟೂಡೆಂಟ್.”

ಅಜ್ಜಿ ಹಿಂದಕ್ಕೊರಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಪಾಸ್‌ಪೋರ್ಟ್ ಎಲ್ಲೈತಿ?” ಎಂದರು ಸಾಹೇಬರು, ದನಿಯೇ ಬದಲಾಗಿತ್ತು. ಅದು ಶಿರಸಿಯಲ್ಲಿ, ಅವಳ ಪೆಟ್ಟಿಗೆಯಲ್ಲಿ. ಕಾಡಿಗೆ ಹೋಗುವಾಗ ಅದೆಲ್ಲ ಯಾಕೆ ಎಂದು ನಾನೇ ಬಿಡಿಸಿದ್ದೆ. “ಹಂಗಾರ ಇದು ನಮ್ಮ ಕೈಯಾಗಿಲ್ರಿ. ಠಾಣೆಕ್ಕ ನಡೀರಿ.”

“ಎಂತ ಆತು ಮಾರಾಯ್ರೇ? ಯಲ್ಲಾಪುರದಲ್ಲಿ ಎಂಗೆ ಶಿರಸಿ ಬಸ್ಸು ತಪ್ತು!” ಎಂದು ಹಿಂದಿನಿಂದ ಯಾರೋ ಕೂಗಿದರು. ಬಸ್ಸು ಹೊರಟಿತು. ಯಲ್ಲಾಪುರದವರೆಗೆ ಹುಡುಗಿ ನನ್ನ ಕೈ ಬಿಡಲಿಲ್ಲ.

ಠಾಣೆಯಲ್ಲಿ ಎಸ್‌ಐ ಚಿಕ್ಕ ವಯಸ್ಸಿನವರು. ನನ್ನ ಮನೆಯಲ್ಲಿ ಪರದೇಶದವಳಿದ್ದಾಳೆಂದು ತಿಳಿಸುವ ಸಿ ಫಾರ್ಮನ್ನು ನಾನು ಅವಳು ಬಂದ ದಿನವೇ ಆನ್‌ಲೈನಿನಲ್ಲಿ ತುಂಬಿಸಿದ್ದೆ. ಅದನ್ನು ಮೊಬೈಲಿನಲ್ಲಿ ತೋರಿಸಿದೆ. ತಲೆಯಾಡಿಸಿದರು, ಆದರೆ ಒಪ್ಪಲಿಲ್ಲ.

“ಬರೀ ಟಿಕೆಟ್ ಆದ್ರೆ ದಂಡ ಕಟ್ಟಿಸಿ ಕಳಿಸ್ತಿದ್ದೆ. ಇಲ್ಲಿಯವಳು ಅಂತ ಹೇಳ್ಕೊಂಡು ಫ್ರೀ ಟಿಕೆಟ್ ತಗೊಂಡಿದ್ರೆ ಕೇಸ್ ಮಾಡ್ಬೇಕಾಗ್ತದೆ.”

“ಅವಳು ಹೇಳ್ಕೊಂಡಿಲ್ಲ ಸಾಹೇಬ್ರೆ. ಬೇರೆಯವ್ರು ಹೇಳಿದ್ದು. ಅವಳು ಅಲ್ಲ ಅಂದದ್ದು.”

“ಟಿಕೆಟ್ ತಗೊಳ್ಳುವಾಗ ಏನಂದ್ಲೋ ಯಾರಿಗ್ಗೊತ್ತು? ನೋಡಿದವ್ರು ಇದ್ರೆ ಕರೀರಿ.”

ಬಸ್ಸು ಹುಬ್ಬಳ್ಳಿಗೆ ಹೋಗಿಯಾಗಿತ್ತು, ಕಂಡಕ್ಟರನೂ ಅದರಲ್ಲೇ. ಕಾಲೇಜಿನ ಮೇಡಂಗೆ ಫೋನು ಮಾಡಿದೆ. ಬೆರೆಯುವುದರ ಬಗ್ಗೆ ನನ್ನ ಮನೆಯಲ್ಲಿ ಕೂತು ಚಹಾ ಕುಡಿಯುತ್ತ ಭಾಷಣ ಮಾಡಿದವರು, “ಅವಳೇ ಸ್ವಂತಕ್ಕೆ ಹೋಗಿದ್ದು ಅಂತ ಬರೆಸಿ, ಕಾಲೇಜಿನ ಹೆಸರು ಬರೋದು ಬೇಡ” ಎಂದರು.

“ಮೇಡಂ, ನಾನು ಫೋನು ಸ್ಪೀಕರಿಗೆ ಹಾಕಿದ್ದೇನೆ. ಇನ್ನೊಂದ್ಸಲ ಹೇಳಿ, ಸಾಹೇಬ್ರೂ ಕೇಳ್ಕೊಳ್ಳಲಿ” ಎಂದೆ. ಸ್ಪೀಕರ್ ಹಾಕಿರಲಿಲ್ಲ. ಆದರೂ ಅವರ ದನಿ ಮೆತ್ತಗಾಯಿತು. ಮಹಡಿಯ ಇಬ್ಬರು ಹುಡುಗಿಯರ ಕೈಯಲ್ಲಿ ಪಾಸ್‌ಪೋರ್ಟೂ, ಇವಳು ತಮ್ಮ ವಿದ್ಯಾರ್ಥಿನಿ ಎಂಬ ಕಾಲೇಜಿನ ಪತ್ರವೂ ಶಿರಸಿಯಿಂದ ಹೊರಟವು. ಆದರೆ ಪತ್ರ ಬಂದರೂ, ಬಸ್ಸಿನಲ್ಲಿ ನಡೆದದ್ದನ್ನು ಹೇಳುವವರು ಬೇಕಿತ್ತಲ್ಲ.

ಹೊರಗೆ ಬಂದೆ. ಬಸ್ಸಿನ ಅಜ್ಜಿಯೂ ಯಲ್ಲಾಪುರದಲ್ಲೇ ಇಳಿದು ನಮ್ಮ ಹಿಂದೆ ಬಂದು, ಠಾಣೆಯ ಎದುರಿನ ಮರದ ಕೆಳಗೆ ಕೂತಿದ್ದಳು. ಹುಡುಗಿ ಟಿಕೆಟಿಗೆ ಕೈ ನೀಡುವಾಗ ಅಜ್ಜಿ ಹಿಂದಿನ ಸೀಟಿನಲ್ಲೇ ಇದ್ದವಳು, ಎಲ್ಲ ನೋಡಿದ್ದಳು. ಆದರೆ ಒಳಗೆ ಬಂದು ಹೇಳಬೇಕಾದರೆ ತಾನು ಸುಳ್ಳು ಹೇಳಿದೆ ಎಂದೂ ಒಪ್ಪಬೇಕು. ನನಗೆ ಗೊತ್ತಿದ್ದದ್ದು ಒಂದೇ ದಾರಿ. “ಅಜ್ಜಿ, ಒಳಗೆ ಬಂದು ಒಂದು ಮಾತು ಹೇಳು. ವರ್ಷಕ್ಕಾಗುವಷ್ಟು ಉಪ್ಪಿನಕಾಯಿ ನಿನ್ನ ಮನೆಗೆ ಕಳಿಸ್ತೇನೆ.”

“ನಾನು ಸಂತೆಗೆ ಬಂದವಳಲ್ಲ ಅಕ್ಕಾ” ಎಂದಳು. “ತುಂಬಿದ ಬಸ್ಸಲ್ಲಿ ನಮ್ಮವಳು ಅಂದೆ. ಅವಳು ಎಲ್ಲರ ಎದುರು ಅಲ್ಲ ಅಂದ್ಲು. ನಿಮ್ಮನ್ನ ಹಾಗಂದ್ರೆ ನಿಮಗೆ ಹೇಗಾಗ್ತದೆ?”

ಅಂಥ ಕಡೆ ಚೌಕಾಸಿ ನಡೆಯುವುದಿಲ್ಲ. ನೆರಳಿಗಿಟ್ಟಿದ್ದ ಮಿಡಿಚೀಲದ ಮೇಲೆ ಬಿಸಿಲು ಹತ್ತುತ್ತಿತ್ತು, ಸರಿಸಲು ಕೈ ಬರಲಿಲ್ಲ.

ಹುಡುಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಬಂದು ಅಜ್ಜಿಯ ಎದುರು ನೆಲದ ಮೇಲೆ ಕೂತಳು. ಅರ್ಧ ಅವಳ ಕನ್ನಡ, ಅರ್ಧ ನನ್ನಿಂದ ಹೇಳಿಸಿದ್ದು: “ನಮ್ಮ ಊರ ಮಾರ್ಕೆಟ್ಟಿನಲ್ಲೂ ಹೀಗೇ. ಪೊಲೀಸ್ ಬಂದರೆ ಅಜ್ಜಿಯಂದಿರು ಯಾರದೋ ಮಗುವನ್ನು ನಮ್ಮದು ಅನ್ನುತ್ತಾರೆ. ಬೇರೆ ಎಲ್ಲಿ ಬೇಕಾದರೂ ಹೇಳಿ, ನಾನು ಹೌದು ಅಂತೇನೆ. ಪೊಲೀಸ್ ಎದುರು ಹೌದು ಅಂದರೆ ನನ್ನನ್ನು ಮನೆಗೆ ಕಳಿಸುತ್ತಾರೆ.”

ಅಜ್ಜಿ ಅವಳನ್ನೇ ನೋಡಿದಳು. “ನಿನ್ನೂರು ಎಷ್ಟು ದೂರ?”

“ಸಮುದ್ರ ದಾಟಿ.”

“ನಮ್ಮವ್ರೂ ಹಾಗೇ ಬಂದದ್ದಂತೆ. ಅವ್ರಿಗೆ ಯಾರೂ ಪುಸ್ತಕ ಕೊಟ್ಟು ಕರೆದದ್ದಲ್ಲ” ಎಂದಳು ಅಜ್ಜಿ. ಸೆರಗು ಕೊಡವಿಕೊಂಡು ಎದ್ದಳು.

ಒಳಗೆ ಹೋಗಿ ಮೇಜಿನ ಎದುರು ನಿಂತಳು. “ಬರ್ಕೊಳ್ಳಿ ಸಾಹೇಬ್ರೆ. ಹುಡ್ಗಿ ನೋಟು ಹಿಡಿದಿದ್ಲು, ಕಂಡಕ್ಟರು ಇರ್ಲಿ ಬಿಡು ಅಂತ ನಕ್ಕು ಚೀಟಿ ಕೊಟ್ಟ. ತಂಗಿ ಮಗಳು ಅಂದದ್ದು ನಾನು. ನನಗೆ ತಂಗಿಯೇ ಇಲ್ಲ. ಇವಳು ಅಲ್ಲ ಅಂದ್ಲು.”

“ಸುಳ್ಳು ಹೇಳ್ದೆ ಅಂತ ಒಪ್ಕೊಳ್ತೀಯಾ ಅಜ್ಜಿ?”

“ಒಪ್ಕೊಳ್ತೆ. ಅದಕ್ಕೆ ನನ್ನ ಯಾವ ದೇಶಕ್ಕೆ ವಾಪಸ್ ಕಳಿಸ್ತೀರಿ?”

ಮೂಲೆಯಲ್ಲಿದ್ದ ಪೇದೆ ಕೆಮ್ಮುವ ನೆಪದಲ್ಲಿ ಹೊರಗೆ ಹೋದ. ಎಸ್‌ಐ ಬರೆಯುತ್ತ, ತಲೆ ಎತ್ತದೆಯೇ, “ಕೂತ್ಕೊಳ್ಳಿ ಅಜ್ಜಿ” ಎಂದರು. ಅಲ್ಲಿಯವರೆಗೆ ಅವಳಿಗೆ ಯಾರೂ ಕುರ್ಚಿ ತೋರಿಸಿರಲಿಲ್ಲ.

ಪಾಸ್‌ಪೋರ್ಟ್ ಬಂತು. ಹೇಳಿಕೆ ಬರೆಸಿಕೊಂಡರು, ಟಿಕೆಟಿನ ದಂಡ ಕಟ್ಟಿಸಿದರು, ಕೇಸು ಹಾಕಲಿಲ್ಲ. ಅಜ್ಜಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಹುಡುಗಿ ಕೊಡಲು ಹಿಡಿದ ದುಡ್ಡನ್ನು ಅವನು ಮುಟ್ಟಲಿಲ್ಲ ಎಂದು ಅಜ್ಜಿ ಬರೆಸಿದ್ದರಿಂದ ಕಂಡಕ್ಟರನಿಗೂ ಎಚ್ಚರಿಕೆಯ ಮೆಮೊದಲ್ಲೇ ಮುಗಿಯಿತು ಎಂದು ಕೇಳಿದೆ, ಖಾತ್ರಿ ಇಲ್ಲ. ಚೀಲ ಬಿಚ್ಚಿದಾಗ ಅರ್ಧಕ್ಕರ್ಧ ಮಿಡಿ ಸುಕ್ಕಿತ್ತು, ಉಳಿದದ್ದು ಕಪ್ಪಾಗಿತ್ತು.

ಹುಡುಗಿಯ ಸೆಮಿಸ್ಟರ್ ಉಳಿಯಿತು, ಅಂಕವೂ ಅವಳ ದೇಶದಲ್ಲಿ ಸೇರಿತು. ಆದರೆ ಮರುವಾರವೇ ಕಾಲೇಜಿನವರು ಅವಳನ್ನು ಹಾಸ್ಟೆಲ್ಲಿಗೆ ಒಯ್ದರು. ಹೊರದೇಶದವರು ಊರವರ ಮನೆಯಲ್ಲಿ ಇರುವಂತಿಲ್ಲ ಎಂದು ನಿಯಮವೇ ಬದಲಾಯಿತು. ಜನರ ಜೊತೆ ಬೆರೆತದ್ದಕ್ಕೆ ಕೊಡುವ ಅಂಕವನ್ನು ಈಗ ಹಾಸ್ಟೆಲ್ಲಿನೊಳಗೇ ಕೊಡುತ್ತಾರಂತೆ. ಹೇಗೆ ಎಂದು ನನ್ನನ್ನು ಕೇಳಬೇಡಿ.

ಆ ನಿಯಮ ಇನ್ನೊಂದು ದಿನ ಮತ್ತೆ ಬದಲಾದೀತು. ಡಿಗ್ರಿಯ ವರ್ಷಗಳೇ ಹೋಗಿ ಬಂದಿಲ್ಲವೆ? ಆಗ ನಿಮ್ಮ ಮನೆಗೂ ಯಾರಾದರೂ ಬಂದರೆ ನನ್ನ ಮಾತು ಕೇಳಿ. ಸಿ ಫಾರ್ಮನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ನೀವೇ ತುಂಬಿಸಿ, ಕಾಲೇಜಿನವರು ನೋಡಿಕೊಳ್ಳುತ್ತಾರೆಂದು ಕೂರಬೇಡಿ. ಪಾಸ್‌ಪೋರ್ಟಿನ ಜೆರಾಕ್ಸ್ ಅವರ ಚೀಲದಲ್ಲೇ ಇರಲಿ, ಹತ್ತಿರದ ಊರಿಗೆ ಹೋದರೂ. ತೊಂದರೆಯಾದರೆ ಕಾಲೇಜಿನಿಂದ ಠಾಣೆಗೆ ಬರುವವರು ಯಾರು ಎಂದು ಬಾಡಿಗೆ ಮಾತಾಡುವ ದಿನವೇ ಹೆಸರು ಸಮೇತ ಬರೆಸಿಕೊಳ್ಳಿ. ಬಸ್ಸಿನಲ್ಲಿ ಟಿಕೆಟ್ ಕೈಗೆ ಬಂದ ಕೂಡಲೇ ಓದಿ. ಮಿಡಿ ತರುವ ದಿನ ಅತಿಥಿಯನ್ನು ಮನೆಯಲ್ಲೇ ಬಿಡಿ, ಎಷ್ಟೇ ಗೋಗರೆದರೂ. ಇನ್ನು, ನಿಮ್ಮ ಅತಿಥಿಯನ್ನು ಯಾರಾದರೂ ಪ್ರೀತಿಯಿಂದ ತಮ್ಮವರು ಎಂದರೆ, ನಿಜ ಹೇಳಲೇಬೇಕು, ಹೇಳಿ. ಆದರೆ ಹಾಗೆ ಅಂದವರನ್ನು ಮರದ ಕೆಳಗೆ ಬಿಟ್ಟು ಒಳಗೆ ಹೋಗಬೇಡಿ. ಮೊದಲು ಅವರ ಪಕ್ಕ ಹೋಗಿ ಕೂತುಕೊಳ್ಳಿ, ಉಪ್ಪಿನಕಾಯಿಯ ಮಾತೆತ್ತಬೇಡಿ.