ಕೋದಂಡರಾಮಪ್ಪನ ಗಾಡಿಯ ಹಿಂದಿನ ದೀಪ

ಕೋಲಾರದಲ್ಲಿ ಗಾಡಿಗಳ ವೈರಿಂಗ್ ಮಾಡುವವರಿಗೇನೂ ಬರವಿಲ್ಲ. ಆದರೆ ಹಳೆಯ ಗಾಡಿಯ ದೀಪ ಕೈಕೊಟ್ಟರೆ ಜನ ಅಜ್ಮತುಲ್ಲಾನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ಅಂಗಡಿ ಎಂದರೆ ಒಂದು ಬೇವಿನ ಮರ, ಅದರ ಬುಡದಲ್ಲೊಂದು ತಗಡಿನ ಗೂಡು, ಮುಂದೆ ಹಾಸಿದ ಗೋಣಿಚೀಲ, ಅಷ್ಟೇ. ಈಗಿನವರು ಹಳೆ ವೈರನ್ನೆಲ್ಲ ಕಿತ್ತೆಸೆದು ಹೊಸದು ಎಳೆದುಬಿಡುತ್ತಾರೆ. ಅವನಿಗೆ ಅದು ತಲೆನೋವಿಗೆ ತಲೆಯನ್ನೇ ಕತ್ತರಿಸಿದ ಹಾಗೆ. ಗಾಡಿಯ ಕೆಳಗೆ ಅಂಗಾತ ಮಲಗಿ, ದೀಪದಿಂದ ಶುರುಮಾಡಿ ಬ್ಯಾಟರಿಯವರೆಗೆ ಒಂದೊಂದೇ ವೈರನ್ನು ಬೆರಳಲ್ಲಿ ಸವರಿಕೊಂಡು ಬರುವುದು ಅವನ ಪದ್ಧತಿ.

"ಕರೆಂಟ್ ಹೋಗೋಕೆ ದಾರಿ ಇದ್ರೆ ಸಾಲ್ದು ಕಣಪ್ಪ, ವಾಪಸ್ ಬರೋಕೂ ದಾರಿ ಇರ್ಬೇಕು. ಎಲ್ರೂ ಹೋಗೋ ದಾರೀನೇ ನೋಡ್ತಾರೆ," ಎನ್ನುತ್ತಿದ್ದ.

ಈ ಮಾತನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡವನು ಸುಗಟೂರಿನ ಕೋದಂಡರಾಮಪ್ಪ. ಬೀನ್ಸು, ಕೋಸು, ಟೊಮೆಟೊ ಬೆಳೆದು ಕೋಲಾರದ ಮಾರ್ಕೆಟ್ಟಿಗೆ ಹಾಕುವವನು. ಅವನ ಹತ್ತಿರ ಅಪ್ಪನ ಕಾಲದ ಒಂದು ಜೀಪ್ ಪಿಕಪ್ ಇತ್ತು. ಮುಂದೆ ಕಬ್ಬಿಣದ ಮೂತಿ, ಹಿಂದೆ ಮರದ ಬಾಡಿ. ಆ ಗಾಡಿಗೆ ಕೊಟ್ಟ ಮರ್ಯಾದೆಯನ್ನು ಅವನು ಮಾವನ ಮನೆಯವರಿಗೂ ಕೊಟ್ಟವನಲ್ಲ. ಅಜ್ಮತುಲ್ಲಾನ ಗೂಡಿಗೆ ಬಂದಾಗಲೆಲ್ಲ ಇಬ್ಬರೂ ಜಗಳವಾಡಿ, ಟೀ ಕುಡಿದು, ಮತ್ತೆ ಜಗಳವಾಡುತ್ತಿದ್ದರು. ಬ್ಯಾಟರಿಯ ವಿಷಯದಲ್ಲಿ ಕೋದಂಡರಾಮಪ್ಪ ಮಹಾ ಜಿಪುಣ. ಬೆಳದಿಂಗಳಿದ್ದರೆ ದೀಪ ಆರಿಸಿಯೇ ಓಡಿಸುತ್ತಾನೆಂದು ಊರವರು ಆಡಿಕೊಳ್ಳುತ್ತಿದ್ದರು. ಒಂದೆರಡು ಸಲ ಹಾಗೆ ಮಾಡಿದ್ದೂ ಉಂಟು.

ಆ ಜಿಪುಣತನವೇ ಸತ್ತ ಮೇಲೆ ಅವನ ಹೆಸರಿಗೆ ಅಂಟಿಕೊಂಡಿತು. ಸಂಕ್ರಾಂತಿಗೆ ಮುಂಚಿನ ಮಂಜಿನ ದಿನಗಳು. ಬೆಳಗಿನ ಜಾವ ಕೋಸು ಹೇರಿಕೊಂಡು ಹೊರಟವನು, ಹಗ್ಗ ಸಡಿಲವಾಯಿತೆಂದು ಶ್ರೀನಿವಾಸಪುರ ರಸ್ತೆಯ ಅಂಚಿಗೆ ಗಾಡಿ ನಿಲ್ಲಿಸಿ, ಹಿಂದೆ ನಿಂತು ಹಗ್ಗ ಬಿಗಿಯುತ್ತಿದ್ದ. ಹಿಂದಿನಿಂದ ಬಂದ ಲಾರಿ ಗಾಡಿಯ ಎಡಮೂಲೆಗೆ ಬಡಿಯಿತು. ನಡುವೆ ಸಿಕ್ಕಿದ ಕೋದಂಡರಾಮಪ್ಪ ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟ. ಗಾಡಿಯ ಹಿಂದೆ ಒಂದು ದೀಪವೂ ಉರಿಯುತ್ತಿರಲಿಲ್ಲ ಎಂದು ಲಾರಿಯವನು ಹೇಳಿದ. ನೋಡಲು ಹೋದವರೂ ಹೌದೆಂದರು.

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುವುದು ಗಾದೆ. ಈ ಬಡಪಾಯಿಗೆ ಅಷ್ಟೂ ಸಿಗಲಿಲ್ಲ. "ಬ್ಯಾಟರಿ ಉಳ್ಸೋಕೋಗಿ ಜೀವಾನೇ ಕಳ್ಕೊಂಡ" ಎಂದು ಅರಳಿಕಟ್ಟೆಯ ಮೇಲೆ ಕೂತ ಮುನಿಯಲ್ಲಪ್ಪ ಹೇಳಿದ್ದು, ತಿಥಿಯ ಊಟ ಮುಗಿಯುವ ಹೊತ್ತಿಗೆ ಊರಿನ ತೀರ್ಪಾಗಿಬಿಟ್ಟಿತ್ತು. ಕೋದಂಡರಾಮಪ್ಪನ ಹೆಂಡತಿ ಅನಸೂಯಮ್ಮನಿಗೆ ಗಂಡ ಹೋದ ದುಃಖದ ಮೇಲೆ ಇದೊಂದು ಬರೆ. ಪೊಲೀಸರು ಗಾಡಿ ಬಿಟ್ಟ ಮೇಲೆ ಆಕೆ ಮಗನಿಂದ ಅಜ್ಮತುಲ್ಲಾನಿಗೆ ಫೋನು ಮಾಡಿಸಿದಳು.

"ಭಾಯ್, ನೀವೊಂದ್ಸಲ ಬಂದು ನೋಡಿ. ನಮ್ಮ ಯಜಮಾನ್ರು ದೀಪ ಹಾಕಿದ್ರೋ ಇಲ್ವೋ, ನಂಗಷ್ಟು ಹೇಳಿ ಸಾಕು."

ಅಜ್ಮತುಲ್ಲಾನಿಗೆ ಅನ್ನ ಇಳಿಯಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಆ ಗಾಡಿಯ ಹಿಂದಿನ ವೈರಿಂಗನ್ನು ಪೂರ್ತಿ ಬಿಚ್ಚಿ ಕಟ್ಟಿದವನು ತಾನೇ. ಕೋದಂಡರಾಮಪ್ಪ ದೀಪ ಹಾಕಿದ್ದೂ ಅದು ಉರಿಯಲಿಲ್ಲವೆಂದರೆ, ಗೆಳೆಯನನ್ನು ಕೊಂದದ್ದು ತನ್ನ ಕೈಯೇ. ಈ ಭಯಕ್ಕೇ ಅವನು ಮಣ್ಣಿಗೆ ಹೋದಾಗಲೂ ಹಿಂದೆ ನಿಂತು, ಯಾರ ಮುಖವನ್ನೂ ನೋಡದೆ ವಾಪಸಾಗಿದ್ದ.

ಮಾರನೆಯ ದಿನ ಬಸ್ಸು ಹತ್ತಿ ಸುಗಟೂರಿಗೆ ಹೋದ. ಗಾಡಿ ಮನೆಯೆದುರಿನ ಹಿಪ್ಪುನೇರಳೆ ತೋಟದ ಬದಿಯಲ್ಲಿ ನಿಂತಿತ್ತು. ಎಡಗಡೆಯ ದೀಪ ನುಚ್ಚುನೂರು, ಬಲಗಡೆಯದು ಹಾಗೇ ಇತ್ತು. ಗುದ್ದಿದ ರಭಸಕ್ಕೆ ಬ್ಯಾಟರಿಯ ವೈರು ಕಿತ್ತುಕೊಂಡು ಬಂದಿತ್ತು. ಅವನು ಮೊದಲು ಬಾಗಿಲು ತೆಗೆದು ಒಳಗೆ ನೋಡಿದ. ದೀಪದ ಗುಂಡಿ ಎಳೆದೇ ಇತ್ತು. ಕೋದಂಡರಾಮಪ್ಪ ದೀಪ ಹಾಕಿಯೇ ಇಳಿದಿದ್ದ.

ಅಷ್ಟಕ್ಕೆ ಕಣ್ಣು ತುಂಬಿತು. ಹಾಗಾದರೆ ತಪ್ಪಿರುವುದು ತನ್ನ ವೈರಿಂಗಿನಲ್ಲೇ ಎಂಬುದು ಮರುಗಳಿಗೆಯಲ್ಲೇ ಹೊಳೆಯಿತು.

ಮಗ ಅಮರನಾಥ್ ಬೇರೆ ಬ್ಯಾಟರಿ ತಂದು ಕೊಟ್ಟ. ಅಜ್ಮತುಲ್ಲಾ ಕೆಳಗೆ ಮಲಗಿ ಬಲಗಡೆಯ ದೀಪದಿಂದ ಶುರುಮಾಡಿದ. ಬಲ್ಬು ಚೆನ್ನಾಗಿತ್ತು, ಹೋಲ್ಡರಿನಲ್ಲಿ ತುಕ್ಕಿರಲಿಲ್ಲ. ದೀಪಕ್ಕೆ ಹೋಗುವ ವೈರಿಗೆ ಟೆಸ್ಟ್ ಬಲ್ಬು ಮುಟ್ಟಿಸಿ, ಅದರ ಇನ್ನೊಂದು ತುದಿಯನ್ನು ಗಾಡಿಯ ಅಡಿಯ ಕಬ್ಬಿಣದ ಚಾಸಿಗೆ ಒತ್ತಿದಾಗ ಬೆಳಕು ಬಂತು. ಅಂದರೆ ಕರೆಂಟು ದೀಪದವರೆಗೂ ಬರುತ್ತಿತ್ತು. ಅದೇ ತುದಿಯನ್ನು ದೀಪದ ಅರ್ತ್ ವೈರಿಗೆ ಮುಟ್ಟಿಸಿದ. ಬೆಳಕಿಲ್ಲ. ವಾಪಸ್ ಬರುವ ದಾರಿ ಕಟ್ಟಿತ್ತು.

ಬಾಡಿ ಮರದ್ದಾದ್ದರಿಂದ ಎರಡೂ ದೀಪಗಳ ಅರ್ತ್ ವೈರನ್ನು ಅವನು ಒಂದೇ ಬೋಲ್ಟಿನಲ್ಲಿ ಚಾಸಿಗೆ ಬಿಗಿದಿದ್ದ. ಬೋಲ್ಟು ಈಗಲೂ ಗಟ್ಟಿಯಾಗಿಯೇ ಇತ್ತು. ಸ್ಪ್ಯಾನರ್ ಹಾಕಿ ಬಿಚ್ಚಿದ. ವೈರಿನ ತುದಿಯ ಬಳೆಯ ಕೆಳಗೆ, ಅವನು ಉಜ್ಜಿ ಬೆಳ್ಳಗೆ ಮಾಡಿದ್ದ ಕಬ್ಬಿಣದ ಮೇಲೆ, ದಪ್ಪಗೆ ಹಸಿರು ಬಣ್ಣ ಕೂತಿತ್ತು. ಬಣ್ಣದ ಮೇಲೆ ಕರೆಂಟು ಹಾಯುವುದಿಲ್ಲ. ಬೋಲ್ಟಿನ ತಿರುಪಿನ ಮೂಲಕ ಅಷ್ಟಿಷ್ಟು ಹಾಯುತ್ತಿದ್ದದ್ದೂ ಚಳಿಗಾಲದ ಇಬ್ಬನಿಗೆ ತುಕ್ಕು ಹಿಡಿದು ನಿಂತುಹೋಗಿತ್ತು.

ತಪ್ಪು ತನ್ನದಲ್ಲ! ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕೂಗಿ ಹೇಳಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅನಸೂಯಮ್ಮ ಟೀ ಹಿಡಿದುಕೊಂಡು ಬಂದಳು. ಕೆಳಗೆ ಮಲಗಿದ್ದವನಿಗೆ ಅವಳ ಪಾದಗಳಷ್ಟೇ ಕಂಡವು. ಕಾಲುಂಗುರ ಇರಲಿಲ್ಲ.

"ಬಣ್ಣ ನೋಡಿದ್ರಾ ಭಾಯ್? ಆಯುಧ ಪೂಜೆಗೆ ನಾನೇ ಬಳ್ದಿದ್ದು. ಮೇಲ್ಮೇಲೆ ಬಳಿಯೋಕೆ ನಂಗೆ ಮನ್ಸು ಬರಲ್ಲ. ಕೆಳ್ಗೆ ನುಗ್ಗಿ ಒಂದೊಂದೇ ನಟ್ಟು ಬಿಚ್ಚಿ, ಒಳ್ಗೆಲ್ಲ ತುಕ್ಕು ಹಿಡೀದಂಗೆ ಬಳ್ದು, ಮತ್ತೆ ಹಾಕ್ದೆ. 'ಏನೇ, ಮದುಮಗಳಿಗೆ ಸಿಂಗಾರ ಮಾಡ್ತಿದ್ದೀಯಾ' ಅಂತ ನಗ್ತಿದ್ರು. ಅವತ್ತು ಅದೆಷ್ಟು ಖುಷಿಯಾಗಿದ್ರು ಗೊತ್ತಾ!" ಎಂದಳು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳ ದನಿಯಲ್ಲಿ ನಗು ಇಣುಕಿತ್ತು.

ಅಜ್ಮತುಲ್ಲಾ ತೆರೆದ ಬಾಯಿ ಮುಚ್ಚಿದ. ಆಮೇಲೆ ಸದ್ದಾಗದ ಹಾಗೆ ಬಣ್ಣ ಕೆರೆದು, ಮಣ್ಣಿನಲ್ಲಿ ಉಜ್ಜಿಬಿಟ್ಟ. ಬರುವ ದಸರಾಕ್ಕೂ ಈಕೆ ಬಣ್ಣ ಬಳಿಯದೆ ಇರುವವಳಲ್ಲ, ಗಾಡಿ ಓಡಿಸುವವನು ಈಗ ಮಗ. ಅಮರನಾಥನ ಹತ್ತಿರ ವೈರಿನ ಸುರುಳಿ ಕೇಳಿ, ದೀಪಗಳಿಂದ ಬ್ಯಾಟರಿಯವರೆಗೂ ಒಂದು ಬೇರೆಯೇ ಅರ್ತ್ ವೈರು ಎಳೆದು ಕಟ್ಟಿದ. ಇನ್ನು ಯಾವ ನಟ್ಟಿಗೆ ಬಣ್ಣ ಬಳಿದರೂ ದೀಪ ಆರುವಂತಿರಲಿಲ್ಲ. ಬಲಗಡೆಯ ದೀಪ ಕೆಂಪಗೆ ಹೊತ್ತಿಕೊಂಡಿತು.

ಅವನು ಹೊರಗೆ ಬಂದು ಕೈ ಒರೆಸಿಕೊಂಡ.

"ಅಕ್ಕ, ಕೋದಂಡಣ್ಣ ದೀಪ ಹಾಕಿದ್ರು. ಗುಂಡಿ ಎಳ್ದೇ ಇದೆ, ನೀವೇ ನೋಡಿ. ಅವರದು ಏನೂ ತಪ್ಪಿಲ್ಲ."

ಅನಸೂಯಮ್ಮ ಗಾಡಿಯ ಬಾಗಿಲಿಗೆ ಹಣೆಯಿಟ್ಟು ಅತ್ತಳು. ಮಗನೂ ಅತ್ತ. ಅತ್ತು ಸುಧಾರಿಸಿಕೊಂಡ ಮೇಲೆ, ಯಾರಾದರೂ ಕೇಳಲೇಬೇಕಾದ ಪ್ರಶ್ನೆಯನ್ನು ಅಮರನಾಥ್ ಕೇಳಿದ.

"ಮತ್ತೆ ಯಾಕೆ ಮಾಮಾ ಉರೀಲಿಲ್ಲ?"

"ಅರ್ತ್ ನಟ್ಟು ನಾನು ಸರಿಯಾಗಿ ಬಿಗಿ ಮಾಡಿರ್ಲಿಲ್ಲಪ್ಪ. ಅಲ್ಲಾಡಿ ಅಲ್ಲಾಡಿ ಸಡಿಲ ಆಗಿದೆ. ನನ್ನ ಕೈ ತಪ್ಪು."

ಹುಡುಗನ ಮುಷ್ಟಿ ಬಿಗಿಯಿತು. ತಾಯಿ ಅವನ ತೋಳು ಹಿಡಿದುಕೊಂಡಳು. ಬೈದಿದ್ದರೆ ಅಜ್ಮತುಲ್ಲಾನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

"ನಿಮ್ಮನ್ನ ಒಡಹುಟ್ಟಿದೋನು ಅಂದ್ಕೊಂಡಿದ್ರು, ಭಾಯ್," ಎಂದಳು. "ಹೋಗಿ ಬನ್ನಿ ಅಂತ ನಾನು ಹೇಳಲ್ಲ. ಹೋಗಿ."

ಮನೆಯಲ್ಲಿ ಹೆಂಡತಿ ಬೀಬಿಜಾನ್‌ಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಹಣೆ ಚಚ್ಚಿಕೊಂಡಳು.

"ಅಲ್ಲಾ! ಕೊಲೆಗಾರ ಅನ್ನಿಸ್ಕೊಂಡು ಬಂದ್ರಲ್ರೀ! ಊರಿಗೆಲ್ಲ ಗೊತ್ತಾದ್ರೆ ಗತಿ ಏನು?"

"ಅನ್ಲಿ ಬಿಡು. ನಾನು ಅನ್ನಿಸ್ಕೊಂಡ್ರೂ ಉಂಡು ಮಲಗ್ತೀನಿ. ಆಯಮ್ಮ ಆ ಗಾಡಿ ಮುಂದೇನೇ ದಿನಾ ಬಾಗ್ಲು ತೆಗೀಬೇಕಲ್ಲ."

ಉಂಡು ಮಲಗುತ್ತೇನೆ ಎಂದದ್ದು ಬರೀ ಬಾಯಿಮಾತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಮುನಿಯಲ್ಲಪ್ಪ ತನ್ನ ತೀರ್ಪನ್ನು ಒಂದೇ ದಿನದಲ್ಲಿ ತಿರುಗಿಸಿ ಬರೆದ. ಕೋದಂಡರಾಮಪ್ಪ ಈಗ ದೇವರಂಥ ಮನುಷ್ಯ, ಅಜ್ಮತುಲ್ಲಾ ಕೈಲಾಗದ ಮುದುಕ. ಸುಗಟೂರಿನ ಗಾಡಿಗಳು ಬೇವಿನ ಮರದ ಹತ್ತಿರ ನಿಲ್ಲುವುದು ತಪ್ಪಿತು. ಆಮೇಲೆ ಸುತ್ತಲ ಊರಿನವೂ ನಿಲ್ಲಲಿಲ್ಲ. ಯಾರಾದರೂ "ಹೌದಾ ಸಾಬ್ರೇ, ಆ ಗಾಡಿ ವೈರಿಂಗ್ ನಿಮ್ದೇನಾ?" ಎಂದು ಕೇಳಿದರೆ, "ಹೌದು, ನಂದೇ" ಎನ್ನುತ್ತಾನೆ. ಕೆಲಸ ಹೋದದ್ದಕ್ಕಿಂತ, ಗೆಳೆಯನಿಗಾಗಿ ಅಳುವ ಹಕ್ಕೂ ಹೋಯಿತಲ್ಲ, ಅದು ಅವನನ್ನು ಒಳಗೊಳಗೇ ತಿಂದಿತು.

ಮೊನ್ನೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಅನಸೂಯಮ್ಮ ಎದುರಾದಳು. ಜೊತೆಯಲ್ಲಿ ಮಗಳು ಶ್ವೇತ ಇದ್ದಳು. ಅವನನ್ನು ಕಂಡದ್ದೇ ಅನಸೂಯಮ್ಮ ಸೆರಗು ಎಳೆದುಕೊಂಡು ಆ ಕಡೆ ತಿರುಗಿದಳು. ಮಗಳು ಮಾತ್ರ ನಿಂತು, "ಅಮ್ಮ, ಅಜ್ಮತ್ ಮಾಮಾ ಎಷ್ಟು ಸೊರಗಿ ಹೋಗಿದ್ದಾರೆ ನೋಡಮ್ಮ," ಎಂದಳು.

ಅನಸೂಯಮ್ಮ ತಿರುಗಿ ನೋಡುವುದರಲ್ಲಿದ್ದಳು. ಒಮ್ಮೆ ನೋಡಿದರೆ ಸಾಕು, ಇಷ್ಟು ವರ್ಷ ಕಂಡ ಮುಖ, ಅದರಲ್ಲಿರುವುದನ್ನೆಲ್ಲ ಓದಿಬಿಡುತ್ತಾಳೆ ಎಂದು ಅಜ್ಮತುಲ್ಲಾ ಹೆದರಿದ. ಯಾವ ಊರಿನದೆಂದೂ ನೋಡದೆ, ಹೊರಟಿದ್ದ ಬಸ್ಸನ್ನು ಓಡಿ ಹತ್ತಿದ.

"ಸಾಬ್ರೇ, ಎಲ್ಲಿಗೆ ಟಿಕೆಟ್?" ಎಂದು ಕಂಡಕ್ಟರ್ ಕೇಳಿದ. ಟವೆಲಿನಲ್ಲಿ ಮುಖ ಮುಚ್ಚಿಕೊಂಡು, ಕೋದಂಡರಾಮಪ್ಪನಿಗಾಗಿ ಅವನು ಕೊನೆಗೂ ಜೋರಾಗಿ ಅಳುತ್ತಿದ್ದ.