ಎರಡನೇ ನಂಬರಿನ ಸೀಟು

ಕಾರು ರಾತ್ರಿಯೆಲ್ಲ ಏನು ಕಕ್ಕಿದೆ ಎಂಬುದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ವಾಣಿಗೆ. ದಾವಣಗೆರೆಯ ವಿದ್ಯಾನಗರದ ಆ ಮನೆಯಲ್ಲಿ ಕಾರು ನಿಲ್ಲುವ ಜಾಗವನ್ನು ಗುಡಿಸಿ, ತೊಳೆದು, ಗೇಟಿನ ಮುಂದೆ ರಂಗೋಲಿ ಹಾಕುವವಳು ಅವಳೇ. ಹಾಗಾಗಿ ನೆಲದ ಕಲೆಗಳನ್ನು ಓದುವ ಕೆಲಸವೂ ಅವಳ ಪಾಲಿಗೇ ಬಂದಿತ್ತು. ಕಪ್ಪಗಿದ್ದರೆ ಇಂಜಿನ್ ಆಯಿಲ್. ಕೆಂಪಗೆ ಜಿಡ್ಡುಜಿಡ್ಡಾಗಿದ್ದರೆ ಸ್ಟೀರಿಂಗಿನದು. ಗುಲಾಬಿ ಬಣ್ಣವಿದ್ದು ಬೆರಳಿಗೆ ಅಂಟಿದರೆ ಇಂಜಿನ್ ತಣಿಸುವ ಕೂಲಂಟ್. ಅವತ್ತು ಹರಿಹರ ಮುಟ್ಟುವುದರೊಳಗೆ ಇಂಜಿನ್ ಕಾದು ಹೊಗೆಯಾಡುತ್ತದೆ. ಬರೀ ನೀರಾದರೆ ಎ.ಸಿ.ಯದು, ಹೆದರಬೇಕಿಲ್ಲ. ಕಾರಿನ ಕೆಳಗೆ ಹಳೇ ಅಲ್ಯೂಮಿನಿಯಂ ತಟ್ಟೆ ಇಟ್ಟು, ತಟ್ಟೆ ದಾಟಿ ಬಿದ್ದದ್ದನ್ನು ಸೋಪಿನ ಪುಡಿ ಎರಚಿ ತೆಂಗಿನ ನಾರಿನಿಂದ ತಿಕ್ಕುತ್ತ ನಾಲ್ಕು ವರ್ಷದಲ್ಲಿ ಅವಳು ಕಲಿತ ವಿದ್ಯೆ ಇದು.

"ಇವತ್ತು ಗುಲಾಬಿ ಐತ್ರೀ" ಎಂದು ಅವಳು ಹೊರಗಿನಿಂದ ಕೂಗುತ್ತಿದ್ದಳು. ಒಳಗೆ ಗಂಡ ಬಕ್ಕೇಶ ಫೋನು ಎತ್ತಿಕೊಂಡು ಹರಿಹರದ ಮೆಕ್ಯಾನಿಕ್ ಖಲೀಲನಿಗೆ, "ನಂಗ್ಯಾಕೋ ಕೂಲಂಟ್ ಲೀಕ್ ಅನಿಸ್ತೈತಪ್ಪಾ" ಎನ್ನುತ್ತಿದ್ದ.

ಬಕ್ಕೇಶನದು ಪೈಪು, ನಲ್ಲಿಗಳ ಅಂಗಡಿ. ಹನ್ನೊಂದು ವರ್ಷ ಹಳೆಯದಾದ ಆ ಕಪ್ಪು ಜರ್ಮನ್ ಕಾರನ್ನು ಬೆಂಗಳೂರಿನ ದಲ್ಲಾಳಿಯೊಬ್ಬನಿಂದ ಕೊಂಡಿದ್ದ. ಹೊಸದಾಗಿದ್ದಾಗ ಅರವತ್ತು ಲಕ್ಷದ್ದು, ಇವನಿಗೆ ಒಂಬತ್ತಕ್ಕೆ ಸಿಕ್ಕಿತ್ತು. ಕಾರಿನ ಬೆಲೆ ಹಳತಾಗಿತ್ತು, ಬಿಡಿಭಾಗಗಳ ಬೆಲೆ ಹಳತಾಗಿರಲಿಲ್ಲ. ಮೊದಲ ವರ್ಷ ರೇಡಿಯೇಟರ್ ಹೋಯಿತು. ಎರಡನೇ ವರ್ಷ ಗೇರ್ ಬಾಕ್ಸ್ ಜರ್ಕು ಹೊಡೆಯಿತು. ಆಮೇಲೆ ಹಿಂದಿನ ಎಡಚಕ್ರದ ಮೇಲೆ ಗಾಡಿಯನ್ನು ಎತ್ತಿ ಹಿಡಿಯುವ ಗಾಳಿ ಚೀಲ ಸೋರತೊಡಗಿ, ಬೆಳಗಾಗುವಷ್ಟರಲ್ಲಿ ಗಾಡಿ ಮಂಡಿಯೂರಿದ ಎಮ್ಮೆಯಂತೆ ಒಂದು ಕಡೆ ಕುಸಿದಿರುತ್ತಿತ್ತು.

ವಾಣಿಗೆ ಗಾಡಿ ಓಡಿಸಲು ಬರುತ್ತಿತ್ತು. ತವರೂರು ಭಾನುವಳ್ಳಿಯ ಕಾಲುವೆ ಏರಿಯ ಮೇಲೆ ಅಪ್ಪ ನಾಗರಾಜಪ್ಪನ ಜೀಪಿನಲ್ಲಿ ಕಲಿತಿದ್ದಳು. ಇಪ್ಪತ್ತಕ್ಕೇ ಲೈಸೆನ್ಸ್ ಆಗಿತ್ತು, ಇಪ್ಪತ್ತೊಂದಕ್ಕೆ ಮದುವೆ. ಈಗ ನಲವತ್ತಾರು. ಒಂದು ದಿನವೂ ಉಪಯೋಗಕ್ಕೆ ಬಾರದ ಆ ಲೈಸೆನ್ಸನ್ನು ಅವಧಿ ಮುಗಿದಾಗ ಯಾರಿಗೂ ಹೇಳದೆ ನವೀಕರಿಸಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದಳು. ಗಂಡನನ್ನು ಕೇಳಿದಾಗೆಲ್ಲ ಉತ್ತರ ಒಂದು ರೇಟಿನ ರೂಪದಲ್ಲಿ ಬರುತ್ತಿತ್ತು.

"ಒಂದ್ಸಲ ನಾನು ಓಡಿಸ್ಲೇನ್ರೀ?"

"ಬಂಪರ್ ಒಂದಕ್ಕೇ ನಲವತ್ತು ಸಾವಿರ."

"ಬೆಳಿಗ್ಗೆ ಖಾಲಿ ರೋಡಿನಾಗೆ?"

"ಹೆಡ್‌ಲೈಟು ಎಪ್ಪತ್ತು."

"ಈ ಮನ್ಯಾಗೆ ರೇಟ್ ಇಲ್ದಿರೋ ಪಾರ್ಟು ಅಂದ್ರೆ ನಾನೊಬ್ಳೇ ಬಿಡ್ರಿ" ಎಂದಿದ್ದಳು ಒಮ್ಮೆ. ಬಕ್ಕೇಶ ಅದನ್ನು ಜೋಕೆಂದು ತಿಳಿದು ಚೆನ್ನಾಗಿ ನಕ್ಕಿದ್ದ.

ಡ್ರೈವರ್ ಬಾಗಿಲಿನ ಒಳಮೈಯಲ್ಲಿ ಓಡಿಸುವವರ ಅಳತೆ ನೆನಪಿಟ್ಟುಕೊಳ್ಳುವ, ಒಂದು, ಎರಡು, ಮೂರು ಎಂಬ ಮೂರು ಬಟನ್ನುಗಳಿದ್ದವು. ಒಂದು ಒತ್ತಿದರೆ ಸೀಟು ತಾನಾಗಿಯೇ ಹಿಂದಕ್ಕೆ ಸರಿದು, ತಗ್ಗಿ, ಬಕ್ಕೇಶನ ಹೊಟ್ಟೆಗೂ ಕಾಲಿಗೂ ಸರಿಯಾಗಿ ಕೂರುತ್ತಿತ್ತು. ಮೂರನೆಯದು ಖಾಲಿ. ಕಾರು ಬಂದ ಹೊಸತರಲ್ಲಿ ಒರೆಸುವಾಗ ವಾಣಿಯ ಬೆರಳು ಎರಡರ ಮೇಲೆ ಬಿದ್ದಿತ್ತು. ಸೀಟು ಗುಯ್ಯೆನ್ನುತ್ತ ಮುಂದಕ್ಕೆ ಬಂತು, ಮೇಲೆದ್ದಿತು, ಬೆನ್ನು ನೆಟ್ಟಗಾಯಿತು. ಅವಳು ಒರೆಸುವ ಬಟ್ಟೆ ಹಿಡಿದುಕೊಂಡೇ ಕೂತು ನೋಡಿದಳು. ಕಾಲು ಪೆಡಲಿಗೆ ಸಲೀಸಾಗಿ ಸಿಕ್ಕಿತು. ಬಾನೆಟ್ಟಿನ ತುದಿಯವರೆಗೂ ಕಾಣುತ್ತಿತ್ತು.

ತನ್ನಷ್ಟೇ ಕುಳ್ಳಗಿನ ಯಾವಳೋ ಒಬ್ಬಳು ಈ ಕಾರು ಓಡಿಸಿದ್ದಳು.

ಅಂದಿನಿಂದ ಅದೊಂದು ಗುಟ್ಟಾಯಿತು. ವಾರಕ್ಕೊಮ್ಮೆ ಕಾರು ಒರೆಸಿದ ಮೇಲೆ ಎರಡು ಒತ್ತಿ ಐದು ನಿಮಿಷ ಕೂರುತ್ತಿದ್ದಳು. ಆ ಹೆಂಗಸು ಎಲ್ಲಿಗೆಲ್ಲ ಹೋಗಿರಬಹುದು, ಒಬ್ಬಳೇ ಹೋಗುತ್ತಿದ್ದಳೋ ಏನೋ ಎಂದು ಯೋಚಿಸುತ್ತಿದ್ದಳು. ಕುಕ್ಕರ್ ಕೂಗಿದರೆ ಒಂದನ್ನು ಒತ್ತಿ ಸೀಟನ್ನು ಗಂಡನ ಅಳತೆಗೆ ಕಳಿಸಿ ಇಳಿಯುತ್ತಿದ್ದಳು.

ಈ ಸಲ ಮಳೆ ಜೋರಾಗಿ ಹಿಡಿದಾಗ ಕಾರಿನೊಳಗೆ ನೀರು ನಿಂತಿತು. ಕಾರ್ಪೆಟ್ ನೆನೆದು ವಾಸನೆ ಹೊಡೆಯಿತು, ಸೀಟು ಕದಲದಾಯಿತು.

"ಬಕೆಟ್‌ಗಟ್ಟಲೆ ನೀರು ಹಾಕಿ ತೊಳೀತೀಯಲ್ಲ, ಅದಕ್ಕೇ" ಎಂದ ಬಕ್ಕೇಶ.

"ನಾನು ಹಿಂಡಿದ ಬಟ್ಟೇಲಿ ಒರೆಸೋದ್ರೀ. ಅಂಗಡಿ ಮುಂದಿನ ಬೇವಿನ ಎಲೆ ಗಾಡಿ ನೆತ್ತಿ ಮ್ಯಾಲಿನ ಗಾಜಿನ ಸಂದಿಗೆ ತುಂಬೈತೆ ಅಂತ ಹೋದ ತಿಂಗಳೇ ಹೇಳಿದ್ನಲ್ಲ."

"ಇದೊಂದು ರಿಪೇರಿ ಮುಗೀಲಿ, ಮಾರಿಬಿಡ್ತೀನಿ. ಸೋಮವಾರ ರಾಣೆಬೆನ್ನೂರಿನವರೊಬ್ರು ನೋಡಾಕೆ ಬರ್ತಾರೆ."

ತಟ್ಟೆ, ನಾರು, ಸೋಪಿನ ಪುಡಿಯಿಂದ ಬಿಡುಗಡೆಯಾಯಿತು ಎಂದು ಅವಳಿಗೆ ಖುಷಿಯಾಗಬೇಕಿತ್ತು. ಬದಲಿಗೆ ಬೆರಳು ಮಡಿಚಿ ದಿನ ಎಣಿಸಿದಳು. ಸೋಮವಾರಕ್ಕೆ ಮೂರೇ ದಿನ. ಆ ಸೀಟಿನಲ್ಲಿ ಕೂತು ಒಂದು ಮೈಲಿಯನ್ನಾದರೂ ದಾಟುವ ಮೊದಲೇ ಕಾರು ಹೊರಟುಹೋಗುತ್ತದೆ. ಮಾರನೆಯ ದಿನ ಹರಿಹರಕ್ಕೆ ಹೊರಡುವಾಗ ಲೈಸೆನ್ಸನ್ನು ಸೀರೆಗಳ ಕೆಳಗಿನಿಂದ ತೆಗೆದು ಪರ್ಸಿಗೆ ಹಾಕಿಕೊಂಡಳು. ಯಾಕೆಂದು ತನಗೇ ಹೇಳಿಕೊಳ್ಳಲಿಲ್ಲ.

ಖಲೀಲನ ಗ್ಯಾರೇಜು ಹಳೇ ಪಿ.ಬಿ. ರಸ್ತೆಯ ಪಕ್ಕ. "ಹಳೇ ಪಾರ್ಟು ಹಾಕಿ ಹೊಸದು ಅಂದಾರು, ಕೂತು ನೋಡ್ಕ" ಎಂದು ಕಿವಿಯಲ್ಲಿ ಹೇಳಿ, ಪೈಪಿನ ಲೋಡು ನೋಡಲು ಬಕ್ಕೇಶ ಯಾರದೋ ಬೈಕು ಹತ್ತಿ ಹೋದ. ಇದು ಪ್ರತಿ ಸಲದ ಕತೆ. ಅವಳ ಪಾಲಿಗೆ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ರೊಟ್ಟಿ ಡಬ್ಬಿ, ಇಡೀ ದಿನ.

"ಸಿಸಿ ಕ್ಯಾಮೆರಾ ಬಂತು ನೋಡ್ರಪ್ಪ" ಎಂದು ಖಲೀಲ ನಕ್ಕ.

"ಕ್ಯಾಮೆರಾಕ್ಕೊಂದು ಚಾ ಹೇಳಿ ಖಲೀಲಣ್ಣ."

ಅವಳು ಹೇಳಿದ ಸಂದಿಗೇ ಖಲೀಲ ತೆಳ್ಳನೆಯ ತಂತಿ ತೂರಿಸಿದ. ಮೇಲಿನ ಗಾಜಿನ ನೀರು ಹೊರಗೆ ಹೋಗುವ ಕೊಳವೆಯಿಂದ ಕೊಳೆತ ಬೇವಿನೆಲೆಯ ಉಂಡೆ ಹೊರಬಂತು. "ನೀವಂದದ್ದೇ ಸೈ ಅಕ್ಕ. ನೀರೆಲ್ಲ ಸೀಟಿನ ಕೆಳಗಿನ ಕರೆಂಟ್ ಡಬ್ಬಿಗೆ ಇಳಿದೈತೆ, ಸುಟ್ಟೋಗೈತೆ." ಸೀಟು ಕದಲದು ಎಂದು ಫೋನಿನಲ್ಲಿ ಕೇಳಿದಾಗಲೇ ಬೆಂಗಳೂರಿನಿಂದ ತರಿಸಿಟ್ಟಿದ್ದ ಸೆಕೆಂಡ್ ಹ್ಯಾಂಡ್ ಡಬ್ಬಿ ಜೋಡಿಸುವಷ್ಟರಲ್ಲಿ ಮೂರು ಗಂಟೆ. ಸೀಟು ಕದಲಿತು. ವಾಣಿ ಎದ್ದು ಬಂದು ಬಾಗಿಲಿಗೆ ಕೈ ಹಾಕಿ ಎರಡು ಒತ್ತಿದಳು.

ಏನೂ ಆಗಲಿಲ್ಲ. ಮತ್ತೆ ಒತ್ತಿದಳು.

"ಹಳೇದೆಲ್ಲ ಅಳಿಸಿ ಹೋಗೈತಕ್ಕ. ಮೂರೂ ಖಾಲಿ. ಕೂತೋರು ಹೊಸದಾಗಿ ಸೆಟ್ ಮಾಡ್ಕಬೇಕು."

ಮುಖ ಕಾಣದ, ಹೆಸರು ಗೊತ್ತಿಲ್ಲದ ಆ ಹೆಂಗಸು ಕಾರಿನಿಂದ ಇಳಿದು ಹೋಗಿದ್ದಳು.

"ಬೆಳಿಗ್ಗೆ, ಹಿಂದೆ ಏನೋ ಕಟಕಟ ಅಂತೈತೆ ಅಂದ್ರಲ್ಲಕ್ಕ" ಖಲೀಲ ಕೈ ಒರೆಸಿಕೊಳ್ಳುತ್ತ ಕೇಳಿದ. "ನೀವು ಕೂರೋ ಹಿಂದಿನ ಜಾಗದಾಗೆ ಕೂತ್ರೇನೇ ಗೊತ್ತಾಗೋದು. ನಾನು ಹಿಂದೆ ಕೂತ್ರೆ ಓಡಿಸೋರ್ಯಾರು? ಅಣ್ಣಾರು ಎಷ್ಟೊತ್ತಿಗೆ ಬರ್ತಾರೋ."

"ನಂಗೆ ಬರ್ತೈತೆ" ಎಂದಳು. ಪರ್ಸು ತೆರೆದು ತೋರಿಸಿಯೂ ಬಿಟ್ಟಳು.

ಖಲೀಲ ಲೈಸೆನ್ಸಿನಲ್ಲಿದ್ದ ಫೋಟೊ ನೋಡಿದ, ಅವಳನ್ನು ನೋಡಿದ. "ಅಣ್ಣಾರು ಏನಂದಾರು?"

"ಬಂಪರ್‌ಗೆ ನಲವತ್ತು ಸಾವಿರ ಅಂತಾರೆ."

ಖಲೀಲನಿಗೆ ನಗು ತಡೆಯಲಾಗಲಿಲ್ಲ. "ಕೂಡ್ರಿ ಹಂಗಾರೆ. ಕ್ಲಚ್ ಇಲ್ಲ, ಎಡಗಾಲು ಸುಮ್ನೆ ಇಡ್ರಿ."

ಅವಳು ಕೂತು ಸೀಟನ್ನು ಮುಂದೆ ತಂದಳು, ಮೇಲೆತ್ತಿದಳು. ಎಷ್ಟು ಎಂಬುದು ಬೆನ್ನಿಗೆ ಗೊತ್ತಿತ್ತು. ರಸ್ತೆಗಿಳಿದಾಗ ಎಡಗಾಲು ಒಂದೆರಡು ಸಲ ಕ್ಲಚ್ ಹುಡುಕಿತು, ಆಮೇಲೆ ತೆಪ್ಪಗಾಯಿತು. ಲಾರಿಯೊಂದು ಹಾರ್ನ್ ಹೊಡೆದು ದಾಟಿತು. ಅವಳು ಜಾಗ ಬಿಟ್ಟಳು, ಹೆದರಲಿಲ್ಲ. ತುಂಗಭದ್ರೆಯ ಸೇತುವೆ ಬಂತು. ಹಿಂದಿನ ಕಿಟಕಿಯಲ್ಲಿ ಯಾವಾಗಲೂ ಪಕ್ಕಕ್ಕೆ ಓಡಿಹೋಗುತ್ತಿದ್ದ ಹೊಳೆ ಇವತ್ತು ಎದುರಿನಿಂದ ಬಂದು ಎರಡೂ ಕಡೆ ತೆರೆದುಕೊಂಡಿತು. ಕೆಂಪು ನೀರು ತುಂಬಿ ಹರಿಯುತ್ತಿತ್ತು.

"ಸಿಕ್ತಕ್ಕ, ಹಿಂದಿನ ಚಕ್ರದ ರಬ್ಬರ್ ಬುಷ್ ಹೋಗೈತೆ" ಎಂದ ಖಲೀಲ ಹಿಂದಿನಿಂದ. "ಸೇತುವೆ ದಾಟಿ ತಿರುಗಿಸ್ರಿ."

ಸೇತುವೆ ದಾಟಿತು. ತಿರುಗಿಸುವ ಜಾಗವೂ ದಾಟಿತು.

"ಅಕ್ಕಾ?"

"ಹ್ಞೂಂ" ಎಂದಳು. ಮುಂದೆ ರಸ್ತೆ ನೆಟ್ಟಗೆ ಹೋಗುತ್ತಲೇ ಇತ್ತು. ಇನ್ನೊಂದು ಫರ್ಲಾಂಗು ಹೋಗಿ ತಿರುಗಿಸಿದಳು.

ಗ್ಯಾರೇಜಿನಲ್ಲಿ ಇಳಿಯುವ ಮುನ್ನ ರೂಢಿಯಂತೆ ಬೆರಳು ಒಂದರ ಕಡೆಗೆ ಹೋಯಿತು. ಅದು ಖಾಲಿ. ಅವಳು ಸೆಟ್ ಬಟನ್ ಒತ್ತಿ, ಎರಡನ್ನು ಒತ್ತಿದಳು. ಟಿಂಗ್ ಎಂದಿತು, ಅವಳ ಅಳತೆ ಅಲ್ಲಿ ಕೂತಿತು. ಆಮೇಲೆ ಸೀಟನ್ನು ಅಂದಾಜಿನ ಮೇಲೆ ಹಿಂದಕ್ಕೆ ತಳ್ಳಿ ಇಳಿದಳು.

ಸಂಜೆ ಬಕ್ಕೇಶ ಬಂದ. ಖಲೀಲ ಸದ್ದಿನ ವಿಷಯ ತೆಗೆದಾಗ, "ಮಾರೋ ಗಾಡಿಗೆ ಬುಷ್ ಯಾಕ ಬಿಡು" ಎಂದ. ಗೊಣಗುತ್ತ ಸೀಟು ಸರಿಮಾಡಿಕೊಂಡು, ಒಂದಕ್ಕೆ ಸೆಟ್ ಮಾಡಿ ಹೊರಟ. ಮುಂದಿನ ಎಡಸೀಟು ಎಂದಿನಂತೆ ನಲ್ಲಿಗಳ ಸ್ಯಾಂಪಲ್ಲಿಗೆ, ವಾಣಿ ಹಿಂದೆ ಎಡಗಡೆ, ತನ್ನ ಜಾಗದಲ್ಲಿ. ಕೆಳಗೆ ಕಟಕಟ ಹಾಗೇ ಇತ್ತು. ಮುಂದಿನ ಬಾಗಿಲಿನ ಮೂರು ಬಟನ್ನುಗಳು ಅಲ್ಲಿಂದ ಓರೆಯಾಗಿ ಕಾಣುತ್ತಿದ್ದವು.

"ರೀ, ಆ ರಾಣೆಬೆನ್ನೂರಿನವರ ಮನ್ಯಾಗೆ ಹೆಂಗಸರು ಅದಾರೇನು?"

"ಯಾಕ?"

"ಕೆಳಗೆ ತಟ್ಟೆ ಇಡೋರು ಬೇಕಲ್ಲ."

ಬಕ್ಕೇಶ ಈ ಸಲವೂ ನಕ್ಕ. ದಾವಣಗೆರೆಯ ದೀಪಗಳು ಹತ್ತಿರವಾಗುತ್ತಿದ್ದವು. ಹಿಂದಿನ ಸೀಟಿನ ಮುಂದೆ, ಇನ್ನೂ ಆರದ ಕಾರ್ಪೆಟ್ಟಿನ ಮೇಲೆ, ಅವಳ ಎಡಗಾಲು ಇಲ್ಲದ ಕ್ಲಚ್ಚನ್ನು ಮೆಲ್ಲಗೆ ಒತ್ತಿತು.