ಎಡಕ್ಕೆ ತಿರುಗದ ಕೀಲಿ

೧೯೫೭ರಲ್ಲಿ ನಾನು ಸೊಲ್ಲಾಪುರದ ಒಂದು ತಿಜೋರಿ ಅಂಗಡಿಯಲ್ಲಿ ಸರ್ವಿಸ್ ಇನ್‌ಸ್ಪೆಕ್ಟರ್ ಆಗಿದ್ದೆ. ಬೋರಾಮಣಿಯ ನಮ್ಮ ಮನೆತನದಲ್ಲಿ ಬಿ.ಎಸ್‌ಸಿ. ಪಾಸಾದ ಮೊದಲಿಗ ನಾನು. ಸೂಟಿಯಲ್ಲಿ ಗಿರಣಿಯ ನೂಲಿನ ಗಂಟು ಹೊತ್ತು ಫೀ ಕಟ್ಟಿದವನು. ಅಷ್ಟು ಓದಿ ಬೀಗ ಬಿಚ್ಚುತ್ತಾನೆ ಎಂದು ನೆಂಟರು ನಗುತ್ತಿದ್ದರು. ಆದರೆ ನನ್ನ ತಲೆನೋವು ನೆಂಟರಲ್ಲ, ಮಾಲಕರು. ಅವರಿಗೆ ಹಳೆಯ ವಿಲಾಯತಿ ಬೀಗಗಳನ್ನು ಕೂಡಿಹಾಕುವ ಹುಚ್ಚು. ವಾಡೆಗಳಿಂದ ತಂದ ನಲವತ್ತೊಂದು ಬೀಗ ಅಂಗಡಿಯ ಗೋಡೆ ಮೇಲಿದ್ದವು. ಗಿರಾಕಿಯನ್ನು ಕಾಯಲು ಹೇಳಿ ಅವುಗಳಿಗೆ ಎಣ್ಣೆ ಹಚ್ಚುತ್ತಿದ್ದರು.

ಜೂನ್ ತಿಂಗಳ ಒಂದು ಗುರುವಾರ ಅಕ್ಕಲಕೋಟೆಯ ಒಂದು ಶಾಲೆಯಿಂದ ಕರೆ ಬಂತು. ಒಬ್ಬ ವರ್ತಕರ ಮನೆಯಿಂದ ಶಾಲೆಯವರು ಕೊಂಡಿದ್ದ ತಿಜೋರಿ ತೆರೆಯುತ್ತಿರಲಿಲ್ಲ. ಅದರೊಳಗೆ ನಾಗಣಸೂರಿನ ಗಂಗಾಬಾಯಿಯ ಅಸಲು ಸರ್ಟಿಫಿಕೇಟ್ ಇತ್ತು. ಅಲ್ಲೇ ನಾಲ್ಕು ವರ್ಷ ಹಂಗಾಮಿಯಾಗಿ ಕಲಿಸಿದ ಆ ವಿಧವೆ ಅದನ್ನು ಶನಿವಾರ ಸೊಲ್ಲಾಪುರದಲ್ಲಿ ತೋರಿಸಿದರೆ ಕಾಯಂ ನೌಕರಿ. ಇಲ್ಲದಿದ್ದರೆ ಅದು ಪಟ್ಟಿಯಲ್ಲಿನ ಮುಂದಿನ ಹೆಸರಿನವರಿಗೆ.

ಮಾಲಕರಿಗೆ ಆಕೆಯ ಚಿಂತೆ ಇರಲಿಲ್ಲ. ಏಳು ಲೀವರಿನ ಡಿಟೆಕ್ಟರ್ ಬೀಗ ಎಂದು ಕೇಳಿದ್ದೇ ಅವರ ಕಣ್ಣು ಹೊಳೆದವು. ಡ್ರಿಲ್ ಮುಟ್ಟಿಸಬೇಡ, ಗೀರು ಬೀಳದಂತೆ ತೆರೆದು ಹೊಸದು ಕೂಡಿಸು, ಹಳೆಯದನ್ನು ತಾ ಎಂದರು.

ಡಿಟೆಕ್ಟರ್ ಎಂದರೆ ಚಾಡಿಕೋರ. ಬೇರೆ ಕೀಲಿ ಹಾಕಿದರೆ ಒಂದು ಕೊಂಡಿ ಬಿದ್ದು, ಆಮೇಲೆ ಸರಿಯಾದ ಕೀಲಿಗೂ ಬೀಗ ಮಣಿಯುವುದಿಲ್ಲ. ಸರಿಯಾದ ಕೀಲಿಯನ್ನು ಒಮ್ಮೆ ಉಲ್ಟಾ, ಎಡಕ್ಕೆ, ತಿರುಗಿಸಿದರೆ ಕೊಂಡಿ ಬಿಡುತ್ತದೆ. ಶಾಲೆಗೆ ಹೋದವನೇ, ಬೇರೆ ಕೀಲಿ ಹಾಕಿದಿರಾ ಎಂದು ಕೇಳಿದೆ. ಹೆಡ್‌ಮಾಸ್ತರರು ಛೆ ಛೆ ಎಂದರು. ಅರ್ಧ ತಾಸಿನ ಮೇಲೆ, ತಮ್ಮ ಕಪಾಟಿನ ಕೀಲಿಯನ್ನು 'ಸುಮ್ಮನೆ ತೋರಿಸಿದ್ದು' ನಿಜವೆಂದು ಒಪ್ಪಿದರು.

ಹಾಗಾದರೆ ಎರಡು ನಿಮಿಷದ ಕೆಲಸ. ಆದರೆ ಕೀಲಿ ಶಿವಲಿಂಗಪ್ಪನ ಕೈಯಲ್ಲಿತ್ತು. ತಿಜೋರಿಯ ಜೊತೆಗೇ ವರ್ತಕರ ಮನೆಯಿಂದ ಬಂದ ಆ ಮುದುಕ, ಪೂಜೆಯ ಕೀಲಿಯೆಂದು ನನ್ನನ್ನು ಮುಟ್ಟಗೊಡಲಿಲ್ಲ. ತಾನೇ ಬಾಗಿ, ಬೆನ್ನು ಅಡ್ಡ ಮಾಡಿ, ಬಲಕ್ಕೂ ಎಡಕ್ಕೂ ತಿರುವಿದೆನೆಂದ. ಬೀಗ ತೆರೆಯಲಿಲ್ಲ. ನಾನು ಪದವೀಧರ, 'ಎರಡೂ ಕಡೆ ಪರೀಕ್ಷಿಸಲಾಗಿದೆ' ಎಂದು ವರದಿ ಬರೆದೆ. ಶುಕ್ರವಾರ ಮಧ್ಯಾಹ್ನದವರೆಗೆ ತಂತಿ, ಸೀಮೆಎಣ್ಣೆ, ಬೈಗುಳ ಎಲ್ಲ ಮುಗಿದವು. ಮಾಲಕರ ತಾರು ಬಂತು: ಡ್ರಿಲ್ ಬೇಡ. ಗಂಗಾಬಾಯಿ ಬಾಗಿಲಲ್ಲಿ ನಿಂತೇ ಇದ್ದರು.

ನೌಕರಿ ಹೋದರೆ ಹೋಗಲಿ ಎಂದು ಡ್ರಿಲ್ ತೆಗೆದೆ. ಮೊನೆ ಬಾಗಿಲಿಗೆ ತಾಗಿದ್ದೇ ಮುದುಕ ಕೈ ಅಡ್ಡ ಹಿಡಿದ.

"ತಡೀರಿ ಸಾಹೇಬ್ರ. ನಾ ಎಡಕ್ಕ ತಿರುವೇ ಇಲ್ರಿ."

ಎರಡು ದಿನದ ನನ್ನ ಸಿಟ್ಟು ಬಾಯಿಗೆ ಬಂದು ಅಲ್ಲೇ ನಿಂತಿತು. ಆ ತಿಜೋರಿಯದು ಬಾಗಿಲು ದೂಡಿದರೆ ತಾನೇ ಬೀಳುವ ಬೀಗ. ಕೀಲಿ ಬೇಕಾಗುತ್ತಿದ್ದುದು ತೆರೆಯಲು ಮಾತ್ರ, ಬಲಕ್ಕೆ. ಆ ಕೀಲಿ ಹಿಡಿದ ಮೂವತ್ತು ವರ್ಷದಲ್ಲಿ ಅವನು ಒಮ್ಮೆಯೂ ಎಡಕ್ಕೆ ತಿರುಗಿಸಿರಲಿಲ್ಲ.

"ಎಡಕ್ಕ ತಿರುವಿದ್ರ ಲಕ್ಷ್ಮಿ ಹೊರಗ ಹೋಗ್ತಾಳಂತ ನಮ್ಮ ಧಣ್ಯಾರು ನನ್ನ ಕಡೆ ಆಣೆ ಮಾಡಿಸ್ಕೊಂಡಿದ್ರು."

ಗಂಗಾಬಾಯಿ ಒಳಗೆ ಬಂದರು. "ಕಾಕಾ, ಅದರಾಗ ಲಕ್ಷ್ಮಿ ಎಲ್ಲಿ ಅದಾಳ? ನನ್ನ ಕಾಗದ ಅದ. ಅದು ಹೊರಗ ಹೋಗ್ಲಿ ಅಂತನ ಎರಡು ದಿನ ನಿಂತೀನಿ."

ಮುದುಕ ಕೀಲಿಯನ್ನು ಅವರ ಅಂಗೈಯಲ್ಲಿಟ್ಟು ಗೋಡೆಯ ಕಡೆ ಮುಖ ತಿರುಗಿಸಿ ನಿಂತ. ಅವರು ಎಡಕ್ಕೆ ತಿರುಗಿಸಿದರು. ಒಳಗೆ ಟಕ್ ಎಂದಿತು. ಬಲಕ್ಕೆ ತಿರುಗಿಸಿದರು, ಬಾಗಿಲು ಬಂತು. ಶನಿವಾರ ಅವರ ನೌಕರಿ ಕಾಯಂ ಆಯಿತು.

ಸರಿಯಿರುವ ಬೀಗವನ್ನು ಯಾಕೆ ಮಾರಲಿ ಎಂದು ಹೆಡ್‌ಮಾಸ್ತರರು ಕೊಡಲು ಒಪ್ಪಲಿಲ್ಲ. ಮಾಲಕರು ತಿಂಗಳುಗಟ್ಟಲೆ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ತೆರೆಯಲು ಕಳಿಸಿದ್ದವರೇ, ತೆರೆದದ್ದೇ ತಪ್ಪೆಂಬಂತೆ ನೋಡುತ್ತಿದ್ದರು.

ಆಮೇಲೆ ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದೆ. ಏನೇನು ಮಾಡಿ ನೋಡಿದಿರಿ ಎಂದು ಕೇಳಿದರೆ ಎಲ್ಲರೂ ಎಲ್ಲವನ್ನೂ ಮಾಡಿರುತ್ತಾರೆ. ಅದಕ್ಕೇ ಚೀಲ ಬಿಚ್ಚುವ ಮೊದಲು ಬೇರೆ ಪ್ರಶ್ನೆ ಕೇಳುವುದನ್ನು ಕಲಿತೆ: ಈ ಬೀಗಕ್ಕೆ ಏನು ಮಾಡಲು ನಿಮಗೆ ಮನಸ್ಸು ಬರುವುದಿಲ್ಲ?